ಹೂವು, ದುಂಬಿ ಮತ್ತು ಡಾರ್ವಿನ್

ಚಾರ್ಲ್ಸ್ ಡಾರ್ವಿನ್ನನ ಹೆಸರನ್ನು ಕೇಳದ ವಿದ್ಯಾವಂತರು ವಿರಳ. ಆದರೆ ಆ ಹೆಸರಿನೊಡನೆ ಬಹುಮಂದಿಗೆ ನೆನಪಾಗುವುದು ಬೀಗಲ್ ಎಂಬ ಹಡಗು, ಗ್ಯಾಲಪಗೋಸ್ ದ್ವೀಪಗಳ ಆಮೆಗಳು, ಮನುಷ್ಯನಿಗೂ ಕೋತಿಗೂ ಇರುವ ನಂಟಿನ ವಿಷಯವಾಗಿ ಎದ್ದ ದೊಡ್ಡ ಗದ್ದಲ, ಇಷ್ಟೆ. ಹಡಗಿನ ಪ್ರವಾಸ ಐದು ವರ್ಷಗಳಿಗೆ ಮುಗಿಯಿತು. ಆಮೇಲೆ ಅವನು ವಿದೇಶಕ್ಕೆ ಕಾಲಿಡಲೇ ಇಲ್ಲ. ಗದ್ದಲವನ್ನು ನಡೆಸಿದವರು ಹೆಚ್ಚಾಗಿ ಇತರರು. ಅವನು ಸಭೆಗಳಿಂದ ದೂರ ಉಳಿದವನು. ಹಾಗಾದರೆ ಉಳಿದ ಆಯುಸ್ಸನ್ನೆಲ್ಲ ಆತ ಹೇಗೆ ಕಳೆದನು? ಅದರ ಬಹುಭಾಗವನ್ನು ಒಂದು ಹಳ್ಳಿಯ ತೋಟದಲ್ಲಿ, ಹುರುಳಿಕಾಯಿ ಗಿಡದ ಮುಂದೆ, ಮೇವಿನ ಹುಲ್ಲುಗಾವಲಿನ ಬದುವಿನಲ್ಲಿ, ದುಂಬಿಯೊಂದು ಹೂವಿನಿಂದ ಹೂವಿಗೆ ಹಾರುವುದನ್ನು ನೋಡುತ್ತ ಕಳೆದನು ಎಂದರೆ ಅತಿಶಯೋಕ್ತಿಯಾಗದು. ಬೆಳೆಗೆ ಪರಾಗಸ್ಪರ್ಶ ಮಾಡುವವರು ಯಾರು, ಅವರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಊಹೆಗೆ ಬಿಡದೆ, ಹೂವನ್ನು ಬಲೆಯಿಂದ ಮುಚ್ಚಿ, ಬೀಜವನ್ನು ಎಣಿಸಿ ತಿಳಿಯುವ ಪದ್ಧತಿ ಅವನ ಕೈಯಲ್ಲಿ ಶಾಸ್ತ್ರವಾಯಿತು. ಆ ಪ್ರಯೋಗಗಳ ಹಿಂದೆ ಬರಿಯ ಕುತೂಹಲವಿರಲಿಲ್ಲ. ಒಬ್ಬ ತಂದೆಯ ದುಃಖವೂ ಇತ್ತು.

ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ. ತಂದೆ ರಾಬರ್ಟ್ ಹೆಸರಾಂತ ವೈದ್ಯ. ತಾತ ಎರಾಸ್ಮಸ್ ಡಾರ್ವಿನ್ನನೂ ವೈದ್ಯನೇ. ಜೊತೆಗೆ ಗಿಡಮರಗಳ ಪ್ರಣಯವನ್ನು ಕುರಿತು ಕಾವ್ಯವನ್ನೇ ಬರೆದವನು. ತಾಯಿ ಸುಸಾನಾ, ಪಿಂಗಾಣಿಯ ಕೈಗಾರಿಕೆಯಲ್ಲಿ ಖ್ಯಾತನಾದ ಜೊಸೈಯ ವೆಜ್‌ವುಡ್ಡನ ಮಗಳು. ಹುಡುಗನಿಗೆ ಎಂಟು ವರ್ಷವಾಗಿದ್ದಾಗ ಆಕೆ ತೀರಿಕೊಂಡಳು. ಮಗನೂ ವೈದ್ಯನಾಗಲೆಂದು ತಂದೆ ಅವನನ್ನು 1825ರಲ್ಲಿ ಎಡಿನ್‌ಬರೋಗೆ ಕಳುಹಿಸಿದನು. ಅರಿವಳಿಕೆಯಿಲ್ಲದ ಆ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಆತ ಓದನ್ನು ಬಿಟ್ಟು ಬಂದನು. ಪಾದ್ರಿಯಾದರೂ ಆಗಲೆಂದು 1828ರಲ್ಲಿ ಕೇಂಬ್ರಿಡ್ಜಿಗೆ ಸೇರಿಸಿದರೆ, ಅಲ್ಲಿ ಅವನು ಹಿಡಿದದ್ದು ಧರ್ಮಶಾಸ್ತ್ರವನ್ನಲ್ಲ, ಜೀರುಂಡೆಗಳನ್ನು. ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಹೆನ್ಸ್ಲೋ ಈ ತರುಣನಲ್ಲಿ ಏನೋ ಒಂದನ್ನು ಕಂಡನು. ಅವನ ಶಿಫಾರಸಿನಿಂದಲೇ ಬೀಗಲ್ ಹಡಗಿನಲ್ಲಿ ಸ್ಥಳ ದೊರೆಯಿತು. 1831ರ ಡಿಸೆಂಬರಿನಲ್ಲಿ ಹೊರಟವನು ಹಿಂತಿರುಗಿದ್ದು 1836ರ ಅಕ್ಟೋಬರಿನಲ್ಲಿ. ಈ ಕಥೆ ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಬಂದಿದೆಯಾದ್ದರಿಂದ ಇಲ್ಲಿ ಬೆಳೆಸಬೇಕಾಗಿಲ್ಲ.

1839ರ ಜನವರಿ 29ರಂದು ಅವನು ಎಮ್ಮಾ ವೆಜ್‌ವುಡ್ಡಳನ್ನು ಮದುವೆಯಾದನು. ಎಮ್ಮಾ ಅವನ ತಾಯಿಯ ತಮ್ಮನ ಮಗಳು; ನಮ್ಮ ಮಾತಿನಲ್ಲಿ ಹೇಳುವುದಾದರೆ ಸೋದರಮಾವನ ಮಗಳು. ಸೋದರಿಕೆಯ ಸಂಬಂಧ ಕನ್ನಡ ನಾಡಿನ ವಾಚಕರಿಗೆ ವಿವರಿಸಬೇಕಾದ ವಿಷಯವಲ್ಲ. ಇಂಗ್ಲೆಂಡಿನ ಸಿರಿವಂತ ಮನೆತನಗಳಲ್ಲಿಯೂ ಆಗ ಅದು ಅಪರೂಪವಾಗಿರಲಿಲ್ಲ. ಈ ಎರಡು ಮನೆತನಗಳ ನಡುವೆಯಂತೂ ಹೆಣ್ಣು ಕೊಟ್ಟು ತರುವುದು ರೂಢಿಯೇ ಆಗಿತ್ತು. ಎಮ್ಮಾ ದೈವಭಕ್ತೆ, ಸಂಗೀತದಲ್ಲಿ ನುರಿತವಳು, ತಾಳ್ಮೆಯ ಹೆಣ್ಣು. ಗಂಡನ ವಿಚಾರಗಳು ತನ್ನ ನಂಬಿಕೆಗೆ ಒಗ್ಗದವೆಂದು ಬಲ್ಲವಳಾಗಿಯೂ ಅವನ ಹಸ್ತಪ್ರತಿಗಳನ್ನು ತಿದ್ದಿದಳು, ಜೀವಮಾನದುದ್ದಕ್ಕೂ ಕಾಡಿದ ಅವನ ಕಾಯಿಲೆಗೆ ಶುಶ್ರೂಷೆ ಮಾಡಿದಳು. 1842ರ ಸೆಪ್ಟೆಂಬರಿನಲ್ಲಿ ದಂಪತಿಗಳು ಲಂಡನ್ನಿನ ಗಲಭೆಯನ್ನು ತೊರೆದು, ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಗೆ ಬಂದು ನೆಲೆಸಿದರು. ಸುಣ್ಣದ ನೆಲ, ಸುಮಾರು 18 ಎಕರೆಯ ಮನೆ ತೋಟ, ತರಕಾರಿ ಮಡಿಗಳು, ಮಗ್ಗುಲಲ್ಲಿ ಹುಲ್ಲುಗಾವಲು: ಮುಂದಿನ ನಲವತ್ತು ವರ್ಷ ಇದೇ ಅವನ ಲೋಕ, ಇದೇ ಅವನ ಪ್ರಯೋಗಶಾಲೆ.

ಹೂವಿನ ಕಡೆಗೆ ಅವನ ಕಣ್ಣು ಹೊರಳಿದ್ದು ಮದುವೆಯಾದ ವರ್ಷಗಳಲ್ಲಿಯೇ. 1839ರ ಬೇಸಗೆಯಲ್ಲಿಯೂ ಅದರ ಹಿಂದಿನ ಬೇಸಗೆಯಲ್ಲಿಯೂ ಕೀಟಗಳು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುದನ್ನು ಅವನು ಗಮನಿಸತೊಡಗಿದ್ದನು. 1841ರ ಆಗಸ್ಟಿನಲ್ಲಿ ತೋಟಗಾರರ ಪತ್ರಿಕೆಯೊಂದಕ್ಕೆ ಅವನು ಬರೆದ ಪತ್ರದ ವಿಷಯ ಹೂಗಳ್ಳತನ. ಕೆಲವು ದುಂಬಿಗಳು ಹೂವಿನ ಬಾಯಿಂದ ಒಳಗೆ ಹೋಗುವ ಕಷ್ಟವನ್ನು ಪಡದೆ, ಬುಡದಲ್ಲಿ ಕನ್ನ ಕೊರೆದು ಮಕರಂದವನ್ನು ಕದಿಯುತ್ತವೆ. ಹೂವಿಗೆ ಸಲ್ಲಬೇಕಾದ ಸೇವೆ ಸಲ್ಲುವುದಿಲ್ಲ. ಆ ವರ್ಷದ ನವೆಂಬರಿನಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಹಳೆಯದೊಂದು ಜರ್ಮನ್ ಪುಸ್ತಕವನ್ನು ಓದುವಂತೆ ಅವನಿಗೆ ಸೂಚಿಸಿದನು. ಅದನ್ನು 1793ರಲ್ಲಿ ಬರೆದವನು ಬರ್ಲಿನ್ ಬಳಿಯ ಸ್ಪಾಂಡೌ ಎಂಬ ಊರಿನ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್. ಹೂವಿನ ಬಣ್ಣ, ಗೆರೆ, ಮಕರಂದ ಇವೆಲ್ಲ ಕೀಟವನ್ನು ಕರೆಯುವುದಕ್ಕಾಗಿ ಇವೆಯೆಂದು ಆತ ನೂರಾರು ಹೂಗಳನ್ನು ಪರೀಕ್ಷಿಸಿ ತೋರಿಸಿದ್ದನು. ಲೋಕ ಅವನನ್ನು ಲೆಕ್ಕಿಸಲಿಲ್ಲ; 1816ರಲ್ಲಿ ಆತ ಮರೆಯಲ್ಲಿಯೇ ಮಡಿದನು. ಆ ಉಪಾಧ್ಯಾಯನ ಪುಸ್ತಕಕ್ಕೆ ತಕ್ಕ ಓದುಗ ದೊರೆತದ್ದು ಅವನು ಸತ್ತು 25 ವರ್ಷಗಳ ಮೇಲೆ.

ಸ್ಪ್ರೆಂಗೆಲ್ ಒಂದು ಪ್ರಶ್ನೆಯನ್ನು ಬಿಟ್ಟುಹೋಗಿದ್ದನು. ಬಹುಪಾಲು ಹೂಗಳಲ್ಲಿ ಗಂಡು ಭಾಗವಾದ ಕೇಸರವೂ ಹೆಣ್ಣು ಭಾಗವಾದ ಶಲಾಕಾಗ್ರವೂ ಒಂದೇ ಬಟ್ಟಲಿನಲ್ಲಿ, ಕೂದಲೆಳೆಯಷ್ಟು ಅಂತರದಲ್ಲಿ ಇರುತ್ತವೆ. ಹಾಗಿದ್ದೂ ಪರಾಗವು ದೂರದ ಹೂವಿನಿಂದಲೇ ಬರಲೆಂದು ಪ್ರಕೃತಿ ಇಷ್ಟೊಂದು ಏರ್ಪಾಡು ಮಾಡಿರುವುದೇಕೆ? ಮನೆಯಲ್ಲೇ ಇರುವುದನ್ನು ಬಿಟ್ಟು ಪರಸ್ಥಳದಿಂದ ತರುವುದರಿಂದ ಏನು ಲಾಭ? ಈ ಪ್ರಶ್ನೆ ಡಾರ್ವಿನ್ನನ ಮನಸ್ಸಿನಲ್ಲಿ ಬೀಜದಂತೆ ಕುಳಿತಿತು.

ಮನೆ ಮಕ್ಕಳಿಂದ ತುಂಬಿತು. ಹುಟ್ಟಿದವರು ಹತ್ತು ಮಂದಿ. ತಂದೆಯ ಕೆಲಸದಲ್ಲಿ ಮಕ್ಕಳಿಗೂ ಪಾಲಿತ್ತು. 1854ರ ಸೆಪ್ಟೆಂಬರಿನಲ್ಲಿ ಗಂಡು ದುಂಬಿಗಳು ಬೇಲಿಯ ಉದ್ದಕ್ಕೂ ಗೊತ್ತಾದ ದಾರಿಯಲ್ಲೇ ಸುತ್ತುತ್ತ, ಗೊತ್ತಾದ ಎಡೆಗಳಲ್ಲೇ ಗುಂಯ್‌ಗುಟ್ಟುವುದು ಕಂಡುಬಂದಿತು. ಆ ದಾರಿಯನ್ನು ಗುರುತಿಸುವುದಕ್ಕೆ ಅವನು ಹೂಡಿದ ಉಪಾಯ ಸರಳ: ಒಂದೊಂದು ಎಡೆಗೆ ಒಂದೊಂದು ಮಗುವನ್ನು ನಿಲ್ಲಿಸಿದನು, ದುಂಬಿ ಬಂದೊಡನೆ ಆ ಮಗು ಕೂಗಿ ಹೇಳಬೇಕು. ಕೂಗಿನಿಂದ ಕೂಗಿಗೆ ದುಂಬಿಯ ಪಯಣ ತಂದೆಯ ಟಿಪ್ಪಣಿ ಪುಸ್ತಕಕ್ಕೆ ಇಳಿಯಿತು. ಆದರೆ ಅದೇ ಮನೆಗೆ ಸಾವೂ ಬಂದಿತು. ಮೇರಿ ಎಂಬ ಕೂಸು 1842ರಲ್ಲಿ ಮೂರು ವಾರಗಳಿಗೇ ತೀರಿಕೊಂಡಿತು. ತಂದೆಯ ಕಣ್ಮಣಿಯಾಗಿದ್ದ ಆ್ಯನಿ ಹತ್ತು ವರ್ಷದವಳಾಗಿದ್ದಾಗ, 1851ರ ಏಪ್ರಿಲ್ 23ರಂದು, ಚಿಕಿತ್ಸೆಗೆಂದು ಕರೆದೊಯ್ದಿದ್ದ ಮಾಲ್ವರ್ನ್ ಎಂಬ ಊರಿನಲ್ಲಿ ಕಣ್ಮುಚ್ಚಿದಳು. ಉಳಿದವರಲ್ಲಿಯೂ ಹಲವರು ಆಗಾಗ್ಗೆ ಕಾಯಿಲೆ ಬೀಳುತ್ತಿದ್ದರು. ತನ್ನ ದೇಹದ ದೌರ್ಬಲ್ಯ ಮಕ್ಕಳಿಗೆ ಇಳಿದಿದೆಯೋ, ರಕ್ತಸಂಬಂಧದಲ್ಲಿ ಮದುವೆಯಾದದ್ದರಿಂದ ಅದು ಇಮ್ಮಡಿಯಾಯಿತೋ ಎಂಬ ಶಂಕೆ ಅವನನ್ನು ಕೊರೆಯತೊಡಗಿತು. ಹೂವಿನ ಮುಂದೆ ಕುಳಿತು ಕೇಳುತ್ತಿದ್ದ ಪ್ರಶ್ನೆಯೂ ಮಗುವಿನ ಹಾಸಿಗೆಯ ಬಳಿ ಕುಳಿತು ಕೇಳುತ್ತಿದ್ದ ಪ್ರಶ್ನೆಯೂ ಮೂಲದಲ್ಲಿ ಬೇರೆ ಬೇರೆಯಾಗಿರಲಿಲ್ಲ.

1857ರಲ್ಲಿ ಅವನು ತನ್ನ ತರಕಾರಿ ಮಡಿಯ ಹುರುಳಿಕಾಯಿ ಗಿಡಗಳ ಮೇಲೆ ನಯವಾದ ಬಲೆಯನ್ನು ಹೊದಿಸಿದನು. ಜೇನುಹುಳ ಬಂದು ಕೂರುವುದು ಯಾವಾಗಲೂ ಹೂವಿನ ಎಡಪಕ್ಕದ ರೆಕ್ಕೆಯಂಥ ಎಸಳಿನ ಮೇಲೆ. ಅದರ ಭಾರಕ್ಕೆ ಎಸಳು ಬಾಗಿ, ಶಲಾಕಾಗ್ರ ಹೊರಚಾಚಿ, ಹುಳದ ಮೈಗೆ ತಾಗುತ್ತದೆ. ಬಲೆಯೊಳಗಿನ ಹೂಗಳಲ್ಲಿ ಕಾಯಿ ಕಚ್ಚುವುದು ಬಹಳ ಕಡಮೆಯಾಯಿತು. ಇಲ್ಲಿ ಸಾಮಾನ್ಯನೊಬ್ಬನಾದರೆ ನಿಲ್ಲುತ್ತಿದ್ದನು. ಡಾರ್ವಿನ್ನನಿಗೆ ಸಂದೇಹ ಬಂದಿತು: ಕಾಯಿ ಕಡಮೆಯಾದದ್ದು ಹುಳವಿಲ್ಲದ್ದರಿಂದಲೋ, ಬಲೆಯ ನೆರಳಿನಿಂದಲೋ? ಅದನ್ನು ತೀರ್ಮಾನಿಸುವುದಕ್ಕೆ, ಬಲೆಯೊಳಗಿನ ಕೆಲವು ಹೂಗಳ ಎಸಳನ್ನು ಹುಳು ಅದುಮುವಂತೆ ತಾನೇ ಅದುಮಿದನು. ಆ ಹೂಗಳು ಬಲೆಯೊಳಗಿದ್ದೇ ಚೆನ್ನಾಗಿ ಕಾಯಿ ಕಟ್ಟಿದವು. ತಪ್ಪು ಬಲೆಯದಲ್ಲ, ಕೊರತೆ ಹುಳದ್ದು ಎಂಬುದು ಖಚಿತವಾಯಿತು. ಬಯಲಿಗೆ ಬಿಟ್ಟ ಹೂವು, ಮುಚ್ಚಿದ ಹೂವು, ಮುಚ್ಚಿ ಕೈಯಿಂದ ಸೋಕಿಸಿದ ಹೂವು ಎಂಬ ಈ ಮೂರು ಭಾಗಗಳ ಹೋಲಿಕೆಯೇ ಇಂದಿಗೂ ಪರಾಗಸ್ಪರ್ಶದ ಪ್ರಯೋಗಗಳ ಅಡಿಗಲ್ಲು.

ಮರುವರ್ಷ, 1858ರ ಜೂನ್ ತಿಂಗಳು, ಅವನ ಬಾಳಿನಲ್ಲಿ ಅತ್ಯಂತ ಕಠಿಣವಾದದ್ದು. ದೂರದ ಮಲಯ ದ್ವೀಪಗಳಿಂದ ಆಲ್ಫ್ರೆಡ್ ವಾಲೇಸನು ಕಳುಹಿಸಿದ ಲೇಖನ ಕೈಸೇರಿತು; ತಾನು ಇಪ್ಪತ್ತು ವರ್ಷ ಒಳಗೇ ಇಟ್ಟುಕೊಂಡು ಬೆಳೆಸಿದ ಸಿದ್ಧಾಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದೇ ಹೊತ್ತಿನಲ್ಲಿ ಮನೆಗೆ ಕೆಂಪುಜ್ವರ ಹೊಕ್ಕಿತು. ಹದಿನೆಂಟು ತಿಂಗಳ ಕೊನೆಯ ಕೂಸು ಚಾರ್ಲ್ಸ್ ಜೂನ್ 28ರಂದು ಅಸುನೀಗಿತು. ಜುಲೈ 1ರಂದು ಲಂಡನ್ನಿನ ಲಿನೀಯನ್ ಸೊಸೈಟಿಯಲ್ಲಿ ಅವನ ಮತ್ತು ವಾಲೇಸನ ಬರಹಗಳನ್ನು ಒಟ್ಟಿಗೆ ಓದಿದಾಗ ಡಾರ್ವಿನ್ ಅಲ್ಲಿರಲಿಲ್ಲ. ಜೀವವಿಜ್ಞಾನದ ಹೊಸ ಯುಗ ಆರಂಭವಾದ ಆ ದಿನ, ಆತ ಮಗುವನ್ನು ಕಳೆದುಕೊಂಡ ಮನೆಯಲ್ಲಿದ್ದನು. ಆ ವರ್ಷದ ನವೆಂಬರಿನಲ್ಲಿ ತೋಟಗಾರರ ಪತ್ರಿಕೆಯಲ್ಲಿ ಹುರುಳಿಕಾಯಿ ಮೊದಲಾದ ಗಿಡಗಳಿಗೂ ಜೇನುಹುಳಕ್ಕೂ ಇರುವ ಸಂಬಂಧವನ್ನು ಕುರಿತು ಅವನ ಮತ್ತೊಂದು ಲೇಖನ ಪ್ರಕಟವಾಯಿತು. ದುಃಖಕ್ಕೆ ಅವನು ಕಂಡುಕೊಂಡ ಮದ್ದು ಕೆಲಸ. ಬೇರೆ ಮದ್ದು ಅವನಿಗೆ ತಿಳಿದಿರಲಿಲ್ಲ.

1859ರ ನವೆಂಬರ್ 24ರಂದು ಜೀವಜಾತಿಗಳ ಉಗಮವನ್ನು ಕುರಿತ ಅವನ ಮಹಾಗ್ರಂಥ ಹೊರಬಂದಿತು. ಅದರಲ್ಲಿ ಕ್ಲೋವರ್ ಎಂಬ ಮೇವಿನ ಬೆಳೆಯ ಪ್ರಸ್ತಾಪವಿದೆ. ಇದು ನಮ್ಮ ಕುದುರೆಮಸಾಲೆಯ ಬಳಗಕ್ಕೆ ಸೇರಿದ ಗಿಡ. ಚೆಂಡಿನಂಥ ಹೂಗೊಂಚಲು, ಒಂದೊಂದು ಹೂವೂ ಸಣ್ಣ ಕೊಳವೆ. ಮುಂದಿನ ಆವೃತ್ತಿಗಳಲ್ಲಿ ಅವನು ತನ್ನ ಎಣಿಕೆಯನ್ನು ಕೊಟ್ಟನು. ಬಿಳಿ ಕ್ಲೋವರಿನ 20 ಹೂಚೆಂಡುಗಳನ್ನು ಬಯಲಿಗೆ ಬಿಟ್ಟಾಗ ದೊರೆತ ಬೀಜ 2,290. ಜೇನುಹುಳ ಸೇರದಂತೆ ಮುಚ್ಚಿದ 20 ಚೆಂಡುಗಳಿಂದ ಒಂದೂ ಇಲ್ಲ. ಕೆಂಪು ಕ್ಲೋವರಿನ 100 ಚೆಂಡುಗಳಿಂದ 2,700 ಬೀಜ. ಮುಚ್ಚಿದ 100 ಚೆಂಡುಗಳಿಂದ ಮತ್ತೆ ಸೊನ್ನೆ. ಇಷ್ಟು ನಿಚ್ಚಳವಾದ ಫಲ ಕೃಷಿಪ್ರಯೋಗದಲ್ಲಿ ಅಪರೂಪ. ಕೆಂಪು ಕ್ಲೋವರಿನ ಕೊಳವೆ ಆಳ. ಅದರ ತಳವನ್ನು ಮುಟ್ಟುವುದು ರೋಮಭರಿತವಾದ ದಪ್ಪ ದುಂಬಿಯ ನೀಳ ನಾಲಗೆಗೆ ಸಾಧ್ಯ. ದುಂಬಿಯ ಗೂಡುಗಳನ್ನು ಹಾಳುಮಾಡುವುದು ಹೊಲದ ಇಲಿ. ಇಲಿಯನ್ನು ಹಿಡಿಯುವುದು ಬೆಕ್ಕು. ಆದ್ದರಿಂದ ಊರಲ್ಲಿ ಬೆಕ್ಕು ಎಷ್ಟಿವೆಯೆಂಬುದರ ಮೇಲೆ ಹೊಲದ ಮೇವಿನ ಬೀಜ ನಿಂತಿರಬಹುದೆಂದು ಅವನು ತೋರಿಸಿದಾಗ ಜನ ಬೆರಗಾದರು. ದುಂಬಿಯೊಂದೇ ಕೆಂಪು ಕ್ಲೋವರಿಗೆ ಬರುತ್ತದೆಂದು ಮೊದಲು ಬರೆದಿದ್ದವನು, ಮೇವನ್ನು ಕೊಯ್ದ ಮೇಲೆ ಬರುವ ಎರಡನೆಯ ಬೆಳೆಯ ಚಿಕ್ಕ ಹೂಗಳಿಗೆ ಜೇನುಹುಳವೂ ಬರುತ್ತದೆಂಬ ವರದಿಯನ್ನು ಮುಂದಿನ ಆವೃತ್ತಿಯಲ್ಲಿ ತಾನೇ ಸೇರಿಸಿದನು. ಎಲ್ಲ ಬೆಳೆಗೂ ಒಂದೇ ನಿಯಮವೆಂದೂ ಅವನು ಸಾಧಿಸಲಿಲ್ಲ. ಬಲೆಯೊಳಗೆ ಬಂಜೆಯಾಗುವ ಗಿಡಗಳ ಒಂದು ಪಟ್ಟಿಯನ್ನು ಮಾಡಿದಂತೆ, ಬಲೆಯೊಳಗೂ ಧಾರಾಳವಾಗಿ ಬೀಜ ಕಟ್ಟುವ ಗಿಡಗಳ ಪಟ್ಟಿಯನ್ನೂ ಮಾಡಿದನು. ನಾವು ತಿನ್ನುವ ಬಟಾಣಿ ಈ ಎರಡನೆಯ ಪಟ್ಟಿಗೆ ಸೇರಿದ್ದು.

ಆದರೆ ಬೀಜ ಕಟ್ಟುವುದು ಒಂದು ವಿಷಯ. ಆ ಬೀಜದಿಂದ ಹುಟ್ಟುವ ಗಿಡದ ಕಸುವು ಇನ್ನೊಂದು. ಈ ಎರಡನೆಯ ವಿಷಯ ಅವನ ಕೈಗೆ ಸಿಕ್ಕಿದ್ದು ಆಕಸ್ಮಿಕವಾಗಿ. ಲಿನೇರಿಯ ಎಂಬ ಹಳದಿ ಹೂವಿನ ಗಿಡದ ವಂಶಗುಣವನ್ನು ಪರೀಕ್ಷಿಸುವುದಕ್ಕಾಗಿ ಎರಡು ದೊಡ್ಡ ಪಾತಿಗಳನ್ನು ಅಕ್ಕಪಕ್ಕದಲ್ಲಿ ಮಾಡಿದ್ದನು. ಒಂದರಲ್ಲಿ ತನ್ನ ಪರಾಗದಿಂದಲೇ ಫಲಿಸಿದ ಹೂವಿನ ಬೀಜ. ಮತ್ತೊಂದರಲ್ಲಿ ಬೇರೆ ಗಿಡದ ಪರಾಗದಿಂದ ಫಲಿಸಿದ ಬೀಜ. ಎರಡನೆಯ ಪಾತಿಯ ಗಿಡಗಳು ಕಣ್ಣಿಗೆ ಕಾಣುವಷ್ಟು ಎತ್ತರವಾಗಿ, ಬಲವಾಗಿ ಬೆಳೆದವು. ಒಂದೇ ತಲೆಮಾರಿನಲ್ಲಿ ಇಷ್ಟು ವ್ಯತ್ಯಾಸ ನಂಬಲಾಗದ ಮಾತೆಂದು ಅವನು ಮೊದಲು ತಳ್ಳಿಹಾಕಿದನು. ಮರುವರ್ಷ ಕಾರ್ನೇಷನ್ ಗಿಡದಲ್ಲಿಯೂ ಹಾಗೆಯೇ ಆಯಿತು. ಆಗ ಅವನು ಸೊಂಟ ಕಟ್ಟಿ ನಿಂತನು. 1866ರ ಸುಮಾರಿಗೆ ಕ್ರಮವಾಗಿ ಆರಂಭವಾದ ಆ ಪ್ರಯೋಗಮಾಲೆ ಮುಗಿಯುವ ಹೊತ್ತಿಗೆ 11 ವರ್ಷ ಕಳೆದಿತ್ತು. ಪರೀಕ್ಷೆಗೆ ಒಳಗಾದ ಸಸ್ಯಜಾತಿಗಳು 57.

ಅವನು ಪ್ರಯೋಗವನ್ನು ಹೂಡಿದ ರೀತಿ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಬಲೆ ಹತ್ತಿಯದು, ಅದರ ಕಣ್ಣು ಒಂದು ಅಂಗುಲದ ಹತ್ತನೆಯ ಒಂದು ಪಾಲು. ಅದರೊಳಗೆ ನುಸುಳಬಲ್ಲ ರೆಕ್ಕೆಯ ಹುಳವೆಂದರೆ ಅತಿಸಣ್ಣದಾದ ಥ್ರಿಪ್ಸ್ ಒಂದೇ. ಬಲೆ ಹೂವಿಗೆ ತಾಗದಂತೆ ಚೌಕಟ್ಟಿನ ಮೇಲೆ ಹರಡಬೇಕು; ತಾಗಿದರೆ ದುಂಬಿ ಹೊರಗಿನಿಂದಲೇ ಸೋಕಿ ಪ್ರಯೋಗವನ್ನು ಕೆಡಿಸೀತು. ಒಂದೇ ಗಿಡದ ಕೆಲವು ಹೂಗಳಿಗೆ ಅವುಗಳ ಪರಾಗವನ್ನೇ, ಮತ್ತೆ ಕೆಲವಕ್ಕೆ ಬೇರೆ ಗಿಡದ ಪರಾಗವನ್ನು ಕೈಯಾರೆ ಹಚ್ಚುವುದು. ಎರಡು ಬಗೆಯ ಬೀಜಗಳನ್ನೂ ಒದ್ದೆ ಮರಳು ತುಂಬಿದ ಒಂದೇ ಗಾಜಿನ ಲೋಟದಲ್ಲಿ, ನಡುವೆ ತಡಿಕೆಯಿಟ್ಟು ಮೊಳೆಯಿಸುವುದು. ಒಂದೇ ವೇಳೆಗೆ ಮೊಳೆತ ಎರಡನ್ನು ಜೋಡಿ ಮಾಡಿ ಒಂದೇ ಕುಂಡದ ಎರಡು ಪಕ್ಕಗಳಲ್ಲಿ ನೆಡುವುದು. ಮಣ್ಣು ಒಂದೇ, ನೀರು ಒಂದೇ, ಬೆಳಕು ಒಂದೇ. ಬೇರೆಯಾದದ್ದು ಹುಟ್ಟು ಮಾತ್ರ. ಆಮೇಲೆ ಅಳೆಯುವುದು, ತೂಗುವುದು, ಬೀಜ ಎಣಿಸುವುದು. ಇದರಲ್ಲಿ ಯಾವ ದುಬಾರಿ ಉಪಕರಣವೂ ಇಲ್ಲ. ಇದ್ದದ್ದು ಬಲೆ, ಲೋಟ, ಕುಂಡ, ಅಳತೆಕೋಲು, ಮತ್ತು ಹನ್ನೊಂದು ವರ್ಷಗಳ ತಾಳ್ಮೆ.

ನೇರಳೆ ಬಣ್ಣದ ಹೂ ಬಿಡುವ ಐಪೋಮಿಯ ಎಂಬ ಹಂಬನ್ನು ಅವನು ಹತ್ತು ತಲೆಮಾರುಗಳವರೆಗೆ ಹೀಗೆ ಬೆಳೆಸಿದನು. ಪರಕೀಯ ಪರಾಗಸ್ಪರ್ಶದಿಂದ ಹುಟ್ಟಿದ ಗಿಡಗಳ ಸರಾಸರಿ ಎತ್ತರ ಸುಮಾರು 86 ಅಂಗುಲ. ಸ್ವಕೀಯದಿಂದ ಹುಟ್ಟಿದವುಗಳದು 66. ನೂರಕ್ಕೆ ಎಪ್ಪತ್ತೇಳು. ಆರನೆಯ ತಲೆಮಾರಿನಲ್ಲಿ ಒಂದು ವಿಚಿತ್ರ ನಡೆಯಿತು: ಸ್ವಕೀಯದ ಗಿಡವೊಂದು ತನ್ನ ಎದುರಾಳಿಯನ್ನು ಅರ್ಧ ಅಂಗುಲದಷ್ಟು ಮೀರಿಸಿತು. ಡಾರ್ವಿನ್ ಅದನ್ನು ಮುಚ್ಚಿಡಲಿಲ್ಲ. ಅದಕ್ಕೆ ವೀರನೆಂಬ ಅರ್ಥದ ಹೆಸರಿಟ್ಟು, ಅದರ ಸಂತತಿಯನ್ನೂ ಬೇರೆಯಾಗಿ ಬೆಳೆಸಿ ಪರೀಕ್ಷಿಸಿದನು. ತನ್ನ ಸಿದ್ಧಾಂತಕ್ಕೆ ಎದುರು ನಿಂತ ಗಿಡಕ್ಕೆ ಸನ್ಮಾನ ಮಾಡಿದ ವಿಜ್ಞಾನಿಗಳು ಎಷ್ಟು ಮಂದಿ?

ಮುಸುಕಿನ ಜೋಳದ ಪ್ರಯೋಗಕ್ಕಂತೂ ಅನಿರೀಕ್ಷಿತವಾದ ಕೀರ್ತಿ ಕಾದಿತ್ತು. ನಾಲ್ಕು ಕುಂಡಗಳಲ್ಲಿ 15 ಜೋಡಿ ಗಿಡಗಳು. ಪರಕೀಯದವುಗಳ ಸರಾಸರಿ ಎತ್ತರ 20 ಅಂಗುಲಕ್ಕೆ ತುಸು ಹೆಚ್ಚು, ಸ್ವಕೀಯದವುಗಳದು ಹದಿನೇಳೂವರೆ. 15 ಜೋಡಿಗಳಲ್ಲಿ 13ರಲ್ಲಿ ಪರಕೀಯಕ್ಕೆ ಗೆಲವು, 2ರಲ್ಲಿ ಸೋಲು. ಇಷ್ಟು ಸಣ್ಣ ಲೆಕ್ಕವನ್ನು ನಂಬಬಹುದೇ ಎಂದು ಡಾರ್ವಿನ್ ತನ್ನ ಬಂಧುವಾದ ಫ್ರಾನ್ಸಿಸ್ ಗಾಲ್ಟನ್ನನನ್ನು ಕೇಳಿದನು. ಗಾಲ್ಟನ್ ಗಿಡಗಳನ್ನು ಎತ್ತರದ ಕ್ರಮದಲ್ಲಿ ಜೋಡಿಸಿ ವಿಚಾರ ಮಾಡಿದನು. 1935ರಲ್ಲಿ ರೊನಾಲ್ಡ್ ಫಿಶರನು ಪ್ರಯೋಗಗಳ ವಿನ್ಯಾಸವನ್ನು ಕುರಿತು ಬರೆದ ಗ್ರಂಥದಲ್ಲಿ ಇದೇ 15 ಜೋಡಿಗಳನ್ನು ಎತ್ತಿಕೊಂಡು, ಗಾಲ್ಟನ್ನನು ಜೋಡಿಯನ್ನು ಮುರಿದದ್ದು ಸರಿಯಲ್ಲವೆಂದೂ, ಡಾರ್ವಿನ್ನನ ಬಲವಿದ್ದದ್ದು ಆ ಜೋಡಿಯಲ್ಲೇ ಎಂದೂ ತೋರಿಸಿಕೊಟ್ಟನು. ಒಂದು ಕೊರತೆಯನ್ನೂ ಹೇಳಿದನು: ಕುಂಡದ ಯಾವ ಪಕ್ಕದಲ್ಲಿ ಯಾವುದನ್ನು ನೆಡಬೇಕೆಂಬುದನ್ನು ಚೀಟಿಯೆತ್ತಿದಂತೆ ಆಕಸ್ಮಿಕಕ್ಕೆ ಬಿಡಬೇಕಾಗಿತ್ತು. ಫಿಶರನಿಗೆ ಆಪ್ತನೂ ಬೆಂಬಲಿಗನೂ ಆಗಿದ್ದವನು ಡಾರ್ವಿನ್ನನ ಮಗನಾದ ಲಿಯೊನಾರ್ಡ್ ಎಂಬುದು ಸ್ವಾರಸ್ಯದ ಸಂಗತಿ.

ಈ ನಡುವೆ ಮನೆಯ ಪ್ರಶ್ನೆಯೂ ಸುಮ್ಮನಿರಲಿಲ್ಲ. 1871ರ ಜನಗಣತಿಯಲ್ಲಿ ಸೋದರ ಸಂಬಂಧದ ಮದುವೆಗಳ ವಿಷಯವಾಗಿ ಒಂದು ಪ್ರಶ್ನೆಯನ್ನು ಸೇರಿಸಬೇಕೆಂದು ಅವನು ಬಯಸಿದನು. ಎಷ್ಟು ಮಂದಿ ಹಾಗೆ ಮದುವೆಯಾಗಿದ್ದಾರೆ, ಅವರ ಮಕ್ಕಳು ಉಳಿದವರಷ್ಟೇ ಬದುಕುತ್ತಾರೆಯೇ ಎಂಬುದು ಲೆಕ್ಕದಿಂದಲೇ ತಿಳಿಯಬೇಕು. ನೆರೆಯವನೂ ಮಿತ್ರನೂ ಆಗಿದ್ದ ಜಾನ್ ಲಬಕ್ ಇದನ್ನು 1870ರಲ್ಲಿ ಪಾರ್ಲಿಮೆಂಟಿನಲ್ಲಿ ಮಂಡಿಸಿದನು. ಸಭೆ ಒಪ್ಪಲಿಲ್ಲ. ಗಿಡಗಳು ಉತ್ತರ ಹೇಳಬಲ್ಲ ಪ್ರಶ್ನೆಯನ್ನು ಮನುಷ್ಯರಿಗೆ ಕೇಳಲು ಸಭ್ಯತೆ ಅಡ್ಡಬಂದಿತು. ಕಡೆಗೆ ಮಗ ಜಾರ್ಜ್ ತನಗೆ ಸಿಕ್ಕಿದ ದಾಖಲೆಗಳನ್ನೇ ಹಿಡಿದು 1875ರಲ್ಲಿ ಒಂದು ಲೇಖನವನ್ನು ಬರೆದನು. ಕೆಡುಕು ಇದ್ದರೂ ಅದು ಅಲ್ಪವೆಂಬುದು ಅವನ ನಿರ್ಣಯ. ಸೋದರ ಸಂಬಂಧದಿಂದ ಹುಟ್ಟಿದ ಮಗನೇ ಆ ಸಂಬಂಧದ ಗುಣದೋಷವನ್ನು ಅಳೆದದ್ದು ಆ ಮನೆತನದ ಸ್ವಭಾವಕ್ಕೆ ತಕ್ಕುದಾಗಿಯೇ ಇತ್ತು.

1876ರಲ್ಲಿ ಡಾರ್ವಿನ್ನನ ಪ್ರಯೋಗಗಳ ಗ್ರಂಥ ಪ್ರಕಟವಾಯಿತು. ಪುಟ ತಿರುವಿದರೆ ಕೋಷ್ಟಕಗಳು, ಅಂಗುಲಗಳು, ಬೀಜದ ಎಣಿಕೆ. ಆದರೆ ಕೊನೆಯ ತೀರ್ಮಾನದಲ್ಲಿ ಒಂದು ಸೂಕ್ಷ್ಮವಿದೆ. ಪರಾಗ ಬೇರೆ ಗಿಡದಿಂದ ಬಂದಿತೆಂಬ ಮಾತ್ರಕ್ಕೆ ಲಾಭವಿಲ್ಲ. ಆ ಎರಡು ಗಿಡಗಳ ಮೈಗುಣದಲ್ಲಿ ಸ್ವಲ್ಪವಾದರೂ ವ್ಯತ್ಯಾಸವಿರಬೇಕು. ಬಹುಕಾಲ ಒಂದೇ ಮಣ್ಣಿನಲ್ಲಿ ಒಟ್ಟಿಗೆ ಬೆಳೆದವುಗಳನ್ನು ಕೂಡಿಸಿದರೆ ಫಲ ಕಡಮೆ. ದೂರದ ತೋಟದಿಂದ ತಂದ ಹೊಸ ತಳಿಯನ್ನು ಕೂಡಿಸಿದರೆ ಹೆಚ್ಚು. ಮನುಷ್ಯರಲ್ಲಿಯೂ ಬೇರೆ ಬೇರೆ ಸನ್ನಿವೇಶಗಳಲ್ಲಿ ಬಾಳಿದ ಮನೆತನಗಳಾದರೆ ಹತ್ತಿರದ ಸಂಬಂಧದ ಕೆಡುಕು ಕಡಮೆಯಾದೀತೆಂದು ಅವನು ಊಹಿಸಿದನು. ಆ ಮಾತಿನಲ್ಲಿ ವಿಜ್ಞಾನಿಯ ತರ್ಕವೆಷ್ಟು, ತಂದೆಯ ಸಮಾಧಾನವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ತಲೆಮಾರಿನಿಂದ ತಲೆಮಾರಿಗೆ ಮರೆಯಲ್ಲೇ ಸಾಗಿಬರುವ ದುರ್ಬಲ ಜೀನುಗಳು ತಂದೆತಾಯಿ ಇಬ್ಬರಿಂದಲೂ ಬಂದು ಸೇರಿದಾಗ ಕೆಡುಕು ಹೊರಬೀಳುತ್ತದೆಂಬ ವಿವರಣೆ ಅವನಿಗೆ ದೊರೆಯಲಿಲ್ಲ. ಅದರ ಕೀಲಿಕೈಯಾದ ಬಟಾಣಿಯ ಪ್ರಯೋಗಗಳನ್ನು ಗ್ರೆಗೊರ್ ಮೆಂಡೆಲ್ 1866ರಲ್ಲಿಯೇ ಅಚ್ಚು ಹಾಕಿಸಿದ್ದನು. ಅದು ಡಾರ್ವಿನ್ನನ ಕಣ್ಣಿಗೆ ಬೀಳಲಿಲ್ಲ. ಸೋದರಿಕೆಯ ಮದುವೆಯಲ್ಲಿ ಮಗುವಿಗೆ ಹುಟ್ಟು ದೋಷಗಳುಂಟಾಗುವ ಸಂಭವ ಸಾಮಾನ್ಯಕ್ಕಿಂತ ಸುಮಾರು ಎರಡರಷ್ಟೆಂದೂ, ಹಾಗಿದ್ದರೂ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆಂದೂ ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಸೋದರಮಾವನ ಮಗಳನ್ನು ತರುವ ರೂಢಿ ಇನ್ನೂ ಉಳಿದಿರುವ ನಮ್ಮ ನಾಡಿನಲ್ಲಿ, ಡೌನ್ ಹಳ್ಳಿಯ ಆ ತಂದೆ ಅಂದು ಪಟ್ಟ ಕಳವಳವನ್ನು ದೂರದ ಕಥೆಯೆಂದು ಓದಲಾಗುವುದಿಲ್ಲ.

ಕೊನೆಯ ವರ್ಷಗಳಲ್ಲಿ ಮಗ ಫ್ರಾನ್ಸಿಸನ ನೆರವಿನಿಂದ ಅವನು ಗಿಡಗಳ ಚಲನೆಯನ್ನು ಅಭ್ಯಸಿಸಿದನು. 1881ರಲ್ಲಿ ಬಂದ ಕಡೆಯ ಪುಸ್ತಕ ಎರೆಹುಳುವನ್ನು ಕುರಿತದ್ದು. ಸಾವಯವ ಕೃಷಿಯ ಮಾತನಾಡುವವರೆಲ್ಲ ಇಂದು ಎರೆಹುಳುವನ್ನೂ ಜೇನುಹುಳವನ್ನೂ ರೈತನ ಬಂಧುಗಳೆಂದು ಕರೆಯುತ್ತಾರೆ. ಎರಡಕ್ಕೂ ಲೆಕ್ಕದ ಮೂಲಕ ಮರ್ಯಾದೆ ದೊರಕಿಸಿಕೊಟ್ಟವರಲ್ಲಿ ಡಾರ್ವಿನ್ ಅಗ್ರಗಣ್ಯ. 1882ರ ಏಪ್ರಿಲ್ 19ರಂದು ಡೌನ್ ಮನೆಯಲ್ಲಿ ಅವನು ತೀರಿಕೊಂಡನು. ಹಳ್ಳಿಯ ಚರ್ಚಿನಂಗಳದಲ್ಲಿ ಮಣ್ಣಾಗಬೇಕೆಂಬುದು ಮನೆಯವರ ಎಣಿಕೆ. ದೇಶ ಅವನನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಕೊಂಡೊಯ್ದಿತು.

ಅವನು ಸತ್ತ ಮೂರು ವರ್ಷಕ್ಕೆ, 1885ರಲ್ಲಿ, ಅವನ ಕ್ಲೋವರ್ ಪ್ರಯೋಗದ ಸತ್ಯವನ್ನು ಇಡೀ ಒಂದು ದೇಶ ಪರೀಕ್ಷೆ ಮಾಡಿ ನೋಡಿತು. ನ್ಯೂಜಿಲೆಂಡಿನಲ್ಲಿ ಬಿತ್ತಿದ ಕೆಂಪು ಕ್ಲೋವರ್ ಹುಲುಸಾಗಿ ಬೆಳೆದರೂ ಬೀಜ ಕಟ್ಟುತ್ತಿರಲಿಲ್ಲ. ಅಲ್ಲಿ ನೀಳ ನಾಲಗೆಯ ದುಂಬಿ ಇರಲಿಲ್ಲ. ಇಂಗ್ಲೆಂಡಿನಿಂದ ಹಡಗಿನಲ್ಲಿ ದುಂಬಿಗಳನ್ನು ತರಿಸಿ ಬಿಟ್ಟರು. ಅವು ನೆಲೆಯೂರಿದವು, ಕ್ಲೋವರ್ ಬೀಜ ಕಟ್ಟಿತು. ವಿಧಿಯ ವಿಪರ್ಯಾಸವೆಂದರೆ, ಹಾಗೆ ಹೋದ ದುಂಬಿಗಳಲ್ಲಿ ಒಂದು ಜಾತಿ ತವರಿನಲ್ಲಿಯೇ ನಶಿಸಿಹೋಯಿತೆಂದು 2000ದಲ್ಲಿ ಘೋಷಿಸಬೇಕಾಯಿತು. ಹೂವು ತುಂಬಿದ ಹುಲ್ಲುಗಾವಲುಗಳು ಉಳುಮೆಗೆ ಸಿಕ್ಕಿ ಮಾಯವಾದಾಗ, ಅವನ್ನು ನಂಬಿದ್ದ ದುಂಬಿಯೂ ಮಾಯವಾಯಿತು.

ನಮ್ಮ ಕೊಡಗಿನಲ್ಲಿ ರೊಬಸ್ಟ ಕಾಫಿ ತನ್ನ ಪರಾಗದಿಂದ ತಾನೇ ಫಲಿಸಲಾರದು. ಹೂವರಳಿದ ಆ ಕೆಲವು ದಿನಗಳಲ್ಲಿ ಹೆಜ್ಜೇನು, ತುಡುವೆಗಳು ಅದರ ಬೆನ್ನಿಗೆ ನಿಲ್ಲುತ್ತವೆ. ಏಲಕ್ಕಿಯ ಹೂವೂ ಜೇನುಹುಳದ ಹಾದಿಯನ್ನೇ ಕಾಯುತ್ತದೆ. ಕೀಟನಾಶಕವನ್ನು ತೊರೆದ ಸಾವಯವ ರೈತನು, ತನ್ನ ತೋಟದಲ್ಲಿ ಹುಳುಗಳು ಉಳಿದಿವೆಯೆಂದೂ ಅವುಗಳಿಂದ ಫಸಲು ಹೆಚ್ಚುತ್ತದೆಂದೂ ನಂಬುವುದು ಸಹಜ. ಆದರೆ ನಂಬಿಕೆ ಒಂದು, ತಿಳಿವು ಇನ್ನೊಂದು. ಎರಡರ ನಡುವಿನ ದೂರವನ್ನು ದಾಟುವುದಕ್ಕೆ ಬೇಕಾದದ್ದು ಸೊಳ್ಳೆಪರದೆಯ ಒಂದು ತುಂಡು, ಗುರುತಿಗೆ ಬಣ್ಣದ ದಾರ, ಒಂದು ಟಿಪ್ಪಣಿ ಪುಸ್ತಕ. ಕೆಲವು ರೆಂಬೆಗಳನ್ನು ಬಯಲಿಗೆ ಬಿಡಬೇಕು, ಕೆಲವನ್ನು ಮುಚ್ಚಬೇಕು, ಕೆಲವಕ್ಕೆ ಕೈಯಿಂದ ಪರಾಗ ಹಚ್ಚಬೇಕು. ಯಾವ ರೆಂಬೆಗೆ ಯಾವುದೆಂಬುದನ್ನು ಚೀಟಿಯೆತ್ತಿ ಗೊತ್ತುಮಾಡಬೇಕು. ಕಾಯಿ ಬಲಿತ ಮೇಲೆ ಎಣಿಸಬೇಕು. ಕೈಯಿಂದ ಹಚ್ಚಿದವು ಬಯಲಿನವುಗಳಿಗಿಂತ ಹೆಚ್ಚು ಕಾಯಿ ಕಟ್ಟಿದರೆ ಆ ತೋಟದಲ್ಲಿ ಹುಳುಗಳ ಸೇವೆ ಸಾಲದೆಂದು ಅರ್ಥ. ಬದುವಿನಲ್ಲಿ ಹೂಗಿಡ ಬೆಳೆಸಿ, ಗೂಡಿಗೆ ಎಡೆಮಾಡಿ, ಅವನ್ನು ಕರೆಯಬೇಕು.

ವಿಜ್ಞಾನವೆಂದರೆ ದೊಡ್ಡ ಕಟ್ಟಡ, ಬೆಲೆಬಾಳುವ ಯಂತ್ರ ಎಂದು ತಿಳಿದಿರುವ ನಮ್ಮ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಡಾರ್ವಿನ್ನನ ತೋಟ ಬೇರೊಂದು ಪಾಠವನ್ನು ಹೇಳುತ್ತದೆ. ರೋಗಿಯಾದ ಒಬ್ಬ ಮನುಷ್ಯ, ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟ ಮೇಲೂ, ತನ್ನನ್ನು ಅತ್ಯಂತ ನೋಯಿಸಿದ ಪ್ರಶ್ನೆಗೆ ಬೆನ್ನು ತಿರುಗಿಸದೆ, ಅದನ್ನು ಹೂವಿನ ಮುಂದೆ ಇಟ್ಟು, ಬಂದ ಉತ್ತರವನ್ನು ಇದ್ದದ್ದು ಇದ್ದಂತೆ ಬರೆದಿಟ್ಟನು. ಆ ಉತ್ತರ ಅವನಿಗೆ ಹಿತವಾಗಿತ್ತೆಂದು ಹೇಳಲಾಗದು. ಆದರೆ ಅದು ದಿಟವಾಗಿತ್ತು; ಹೊಲದಲ್ಲಿ ಬೀಜ ಕಟ್ಟುವವರೆಗೂ ಅದು ಲೋಕಕ್ಕೆ ಉಪಕಾರಿಯಾಗಿ ಉಳಿಯುತ್ತದೆ.